ಓತಿ ಎಲ್ಲಿ ಹೋಯ್ತು?

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ, ಬರೆದೇ ಬಿಡುತ್ತೇನೆ. ಅಣ್ಣನ ಮಗಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಮನೆಯಲ್ಲಿ ಕೊನೆ ಕೊಯ್ಲು, ಅಡಿಕೆ ಸುಲಿಯುವವರ ಗಲಾಟೆ. ಅದರ ಮಧ್ಯೆ ಲ್ಯಾಪ್‌ಟಾಪ್ ಹಿಡಿದು ಜಗಲಿಗೆ ಬಂದು "ಚಿಕ್ಕಪ್ಪ, ಅರ್ಜಿ ಜೊತೆ ಕಳಿಸೋ ನನ್ನ ಪ್ರಬಂಧ ಒಂದ್ಸಲ ನೋಡು" ಅಂದಳು. ನೋಡಿದೆ. ನೋಡಬಾರದಿತ್ತು.

ಪುಸ್ತಕಗಳೇ ನನ್ನ ಜೀವದ ಗೆಳೆಯರು ಅಂತ ಶುರು. ಆಮೇಲೆ ಬದುಕಿನಲ್ಲಿ ಗೆಲ್ಲೋದು ಹೇಗೆ ಅಂತ ಹೇಳಿಕೊಡುವ ಎರಡು ಇಂಗ್ಲಿಷ್ ಪುಸ್ತಕಗಳ ಹೆಸರು. ಆಮೇಲೆ ನಾಯಕತ್ವ. ನಾಯಕತ್ವ! ಮನೆ ನಾಯಿಯೂ ಇವಳ ಮಾತು ಕೇಳುವುದಿಲ್ಲ ಮಾರಾಯ್ರೆ.

ಓತಿ ಎಲ್ಲಿ?

ನಿಮಗೆ ಗೊತ್ತಲ್ಲ, ನಮ್ಮ ಮನೆಯಲ್ಲಿ ತೇಜಸ್ವಿ ಅಂದರೆ ಒಂದು ಕೈ ಹೆಚ್ಚು. 1980ರಲ್ಲಿ ಬಂದ ಅವರ ಕಾದಂಬರಿ 'ಕರ್ವಾಲೊ'ವನ್ನು ಇವಳು ಎಷ್ಟು ಸಲ ಓದಿದ್ದಾಳೆ ಅಂದರೆ ನನ್ನ ಪ್ರತಿಯ ರಟ್ಟು ಈಗ ಬೇರೆ, ಪುಸ್ತಕ ಬೇರೆ. ಅದನ್ನು ಓದಿದ ಮೇಲೆ ಎರಡು ಬೇಸಿಗೆ ರಜೆಯನ್ನು ತೋಟದಲ್ಲೇ ಕಳೆದಳು, ಕತ್ತು ಎತ್ತಿಕೊಂಡು. ಅದರಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ನಮ್ಮ ಅಡಿಕೆ ಮರದಲ್ಲೇ ಇದೆ, ಹುಡುಕುವ ಕಣ್ಣು ಬೇಕು ಅಷ್ಟೆ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಿಚ್ಚಿ ಮಡಚಿ ಆಡಿಸುವುದು, ಪಕ್ಕೆಲುಬು ಅಗಲಿಸಿ ಒಂದು ಮರದಿಂದ ಇನ್ನೊಂದಕ್ಕೆ ತೇಲುವುದು, ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಇಳಿಯುವುದು, ಎಲ್ಲ ದಿನಾಂಕ ಹಾಕಿ ಬರೆದಿಟ್ಟಿದ್ದಾಳೆ. ಆ ನೋಟ್‌ಬುಕ್ಕಿನ ಒಂದು ಅಕ್ಷರವೂ ಪ್ರಬಂಧದಲ್ಲಿಲ್ಲ!

ಕೇಳಿದರೆ, ಊರಿನಾಚೆಯ ಕನ್ಸಲ್ಟೆಂಟ್ ಒಬ್ಬರು ತೆಗೆಸಿದ್ದಂತೆ. "ತುಂಬಾ ಲೋಕಲ್ ಆಯ್ತು" ಅಂದರಂತೆ. ಇದಕ್ಕೆ ಅಣ್ಣ ದುಡ್ಡು ಬೇರೆ ಕೊಟ್ಟಿದ್ದಾನೆ.

ಅಲ್ಲ, ಆ ಕಾಲೇಜಿನವರು ಕೇಳುತ್ತಿರುವುದಾದರೂ ಏನು? ಅಲ್ಲಿ ನೂರಾರು ಕಾಲೇಜುಗಳಿಗೆ ಸೇರಿ ಇರುವ ಕಾಮನ್ ಆ್ಯಪ್ ಅನ್ನುವ ಅರ್ಜಿಯಲ್ಲಿ ಒಂದು ಪ್ರಶ್ನೆಯೇ ಇದೆ: ಹೊತ್ತು ಹೋದದ್ದೇ ತಿಳಿಯದಂತೆ ನಿನ್ನನ್ನು ಹಿಡಿದಿಡುವ ವಿಷಯ ಯಾವುದು, ಯಾಕೆ? 650 ಪದ ಮೀರಬಾರದು ಅಷ್ಟೆ. ಊಟಕ್ಕೆ ಕರೆದರೂ ತೋಟದಿಂದ ಮೇಲೆ ಬಾರದ ಹುಡುಗಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇಕಾ? ಕೊಲಂಬಿಯಾ ವಿಶ್ವವಿದ್ಯಾಲಯದವರಂತೂ ಪಠ್ಯದ ಹೊರಗೆ ಏನೇನು ಓದಿದ್ದೀಯ ಅಂತ ಪಟ್ಟಿಯನ್ನೇ ಕೇಳುತ್ತಾರೆ.

"ಅಮೆರಿಕದಲ್ಲಿ ಕೂತವರಿಗೆ ತೇಜಸ್ವಿ ಯಾರು ಅಂತ ಗೊತ್ತಾ?" ಅಂತ ಅಣ್ಣನ ವಾದ. ಗೊತ್ತಿಲ್ಲದಿದ್ದರೆ ಇವಳು ಹೇಳಲಿ! ಗೆಲ್ಲುವ ಪುಸ್ತಕದ ಕಥೆಯನ್ನು ಅವರು ಇಷ್ಟೊತ್ತಿಗೆ ಸಾವಿರ ಸಲ ಓದಿ ಆಕಳಿಸಿರುತ್ತಾರೆ. 'ಕರ್ವಾಲೊ'ದ ಮಂದಣ್ಣನ ಕಥೆ ಅವರಿಗೆ ಯಾರು ಹೇಳಿದ್ದಾರೆ?

ಇಷ್ಟು ಸಿಟ್ಟು ಯಾಕೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೆ. ಮೊದಲ ಕೆಲಸದ ಸಂದರ್ಶನದಲ್ಲಿ ಇಷ್ಟದ ಪುಸ್ತಕ ಯಾವುದು ಅಂದರು. ರಷ್ಯದ ಒಂದು ದಪ್ಪ ಕಾದಂಬರಿಯ ಹೆಸರು ಹೇಳಿದೆ. ಹಿಂದಿನ ರಟ್ಟು ಮಾತ್ರ ಓದಿದ್ದೆ. "ಅದರಲ್ಲಿ ಯಾರು ಇಷ್ಟ?" ಅಂದಾಗ ಬಾಯಿ ಒಣಗಿತು. ಬ್ಯಾಗಿನಲ್ಲಿದ್ದದ್ದು ಮಾತ್ರ ಇದೇ 'ಕರ್ವಾಲೊ', ಬಸ್ಸಿನಲ್ಲಿ ಓದಿಕೊಂಡು ಬಂದದ್ದು. ಯಾರಿಗೂ ಹೇಳಿರಲಿಲ್ಲ, ನಿನ್ನೆ ಇವಳಿಗೆ ಹೇಳಿದೆ. ನಕ್ಕಳು. ಆಮೇಲೆ ನೋಟ್‌ಬುಕ್ ತಂದಳು.

ಬೆಳಿಗ್ಗೆ ಹೊಸದು ತೋರಿಸಿದಳು. ಒಂಬೈನೂರು ಪದ. ಎಲ್ಲಿ ಕತ್ತರಿಸೋದು ಅಂತ ಇಬ್ಬರಿಗೂ ಜಗಳ. ಅಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ಕಟ್ಟಿದ ಫೀಸು ವಾಪಸ್ ಬರುವುದಿಲ್ಲವಂತೆ.