ಮಳೆ ಹಿಡಿಯುವ ಮೊದಲು ಒಮ್ಮೆ ಬೈಕಿನ ಸೀಟು ಬಿಚ್ಚಿ ಬ್ಯಾಟರಿ ನೋಡಿ

ಕಳೆದ ಜೂನ್ ಕೊನೆಯ ವಾರ, ಸಂಜೆ ಆರೂವರೆ. ಕೊಡಗಿನ ಸಿದ್ದಾಪುರದ ಕಡೆ, ನಾನು ರೈಟರ್ (ಲೆಕ್ಕಪತ್ರ ನೋಡುವವನು) ಆಗಿರುವ ಕಾಫಿ ತೋಟದ ಒಳರಸ್ತೆಯಲ್ಲಿ ಬರುತ್ತಿದ್ದೆ, ಹಿಂದೆ ಮೇಸ್ತ್ರಿ ಕುಳಿತಿದ್ದರು. ತಿರುವು ದಾಟುತ್ತಿದ್ದಂತೆ ಮೂವತ್ತು ಮಾರು ಮುಂದೆ ಆನೆಗಳು. ಹಲಸು ಹಣ್ಣಾಗುವ ಕಾಲದಲ್ಲಿ ಅವು ತೋಟ ಬಿಟ್ಟು ಕದಲುವುದಿಲ್ಲ. ಜೊತೆಗೆ ಮರಿಯೂ ಇತ್ತು. ಸದ್ದು ಬೇಡವೆಂದು ಎಂಜಿನ್ ಆರಿಸಿದೆ. ಒಂದೊಂದಾಗಿ ರಸ್ತೆ ದಾಟಿ ಕಾಫಿ ಗಿಡಗಳ ನಡುವೆ ಮರೆಯಾದವು. ಕೊನೆಯದೊಂದು ಮಾತ್ರ ರಸ್ತೆಯ ಮಧ್ಯೆ ನಿಂತು ನಮ್ಮ ಕಡೆ ತಿರುಗಿತು.

"ರೈಟರೇ, ಗಾಡಿ ತಿರುಗಿಸಿ" ಎಂದು ಮೇಸ್ತ್ರಿ ಪಿಸುಗುಟ್ಟಿದರು. ಸೆಲ್ಫ್ ಒತ್ತಿದೆ. ಟಿಕ್. ಮತ್ತೆ ಒತ್ತಿದೆ. ಟಿಕ್. ಮೀಟರಿನ ಬೆಳಕು ಕುಗ್ಗಿ ಆರಿಹೋಯಿತು. ನನ್ನ ಬೈಕಿಗೆ ಕಿಕ್ಕರ್ ಇಲ್ಲ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಇಳಿಜಾರು ಇದ್ದದ್ದು ಆನೆ ನಿಂತ ಕಡೆಗೇ.

ಎಷ್ಟು ಹೊತ್ತು ಹಾಗೆ ನಿಂತಿತ್ತೋ ಗೊತ್ತಿಲ್ಲ, ಕೊನೆಗೆ ತಾನಾಗಿಯೇ ಗುಂಪಿನ ಹಿಂದೆ ಹೋಯಿತು. ಜಿಟಿಜಿಟಿ ಮಳೆಯಲ್ಲಿ ನಾವಿಬ್ಬರೂ ಗಾಡಿಯನ್ನು ಏರಿನಲ್ಲಿ ಒಂದು ಕಿಲೋಮೀಟರ್ ತಳ್ಳಿಕೊಂಡು ಕಾರ್ಮಿಕರ ಲೈನ್ ಮನೆಗಳ ಹತ್ತಿರ ಬಂದೆವು. ಮೇಸ್ತ್ರಿಗೆ ಅರವತ್ತು ದಾಟಿದೆ. ದಾರಿಯುದ್ದಕ್ಕೂ ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ. ಏಕೆಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂಬುದು ಮೂರು ವಾರಗಳಿಂದ ನನ್ನ ಕಣ್ಣೆದುರಿಗೇ ಇತ್ತು.

ಮೊದಲು ಕಂಡದ್ದು ಮೀಟರಿನಲ್ಲಿರುವ ಗಡಿಯಾರ. ಬೆಳಿಗ್ಗೆ ಮಸ್ಟರಿಗೆ (ಕೆಲಸಗಾರರ ಹಾಜರಿಗೆ) ಹೊರಡುವಾಗ ಸೆಲ್ಫ್ ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು, ಆದರೆ ಗಡಿಯಾರ ಒಂದು ಗಂಟೆ ಎಂದು ತೋರಿಸುತ್ತಿತ್ತು, ಟ್ರಿಪ್ ಮೀಟರ್ ಸೊನ್ನೆಗೆ ಬಂದಿರುತ್ತಿತ್ತು. ಮೀಟರ್ ಕೆಟ್ಟಿದೆ ಎಂದುಕೊಂಡು ದಿನಾ ಸಮಯ ಸರಿಪಡಿಸಿಕೊಳ್ಳುತ್ತಿದ್ದೆ. ನಿಜವಾಗಿ ಆಗುತ್ತಿದ್ದುದು ಬೇರೆ. ಸ್ಟಾರ್ಟರ್ ಮೋಟಾರ್ ತಿರುಗುವ ಆ ಒಂದೆರಡು ಕ್ಷಣದಲ್ಲಿ ಬ್ಯಾಟರಿಯ ವೋಲ್ಟೇಜ್ ಎಷ್ಟು ಕುಸಿಯುತ್ತಿತ್ತೆಂದರೆ ಮೀಟರಿಗೂ ಜೀವ ಉಳಿಯುತ್ತಿರಲಿಲ್ಲ. ಎರಡನೆಯದು ಪೆಟ್ರೋಲ್ ಪಂಪಿನ ಸದ್ದು. ಕೀಲಿ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿಂದ ಎರಡು ಮೂರು ಕ್ಷಣ 'ಜುಯ್' ಎಂದು ಬರುವ ಸದ್ದು ಗಮನಿಸಿದ್ದೀರಲ್ಲ? ಅದು ಎಳೆದಂತೆ, ದಣಿದಂತೆ ಕೇಳಿಸತೊಡಗಿತ್ತು. ಹಾರ್ನಿನ ಗಂಟಲು ಕಟ್ಟಿತ್ತು. ಐಡಲಿನಲ್ಲಿ ಇಂಡಿಕೇಟರ್ ನಿಧಾನವಾಗಿ ಮಿನುಗುತ್ತಿತ್ತು, ಆಕ್ಸಿಲರೇಟರ್ ಕೊಟ್ಟರೆ ಚುರುಕಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಸರಿಹೋಗುತ್ತಿತ್ತು. ನಾನು ಮೋಸ ಹೋದದ್ದು ಅಲ್ಲಿಯೇ. ತಂಪಿನಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಕೂಡ ಮಂದವಾಗಿ ಮೋಟಾರಿಗೆ ಹೊರೆ ಹೆಚ್ಚುತ್ತದೆ. ನಮ್ಮ ಕೊಡಗಿನ ಬೆಳಗಿನ ಜಾವವೇ ಬ್ಯಾಟರಿಗೆ ನಿಜವಾದ ಪರೀಕ್ಷೆ. ಬಿಸಿಲೇರಿದ ಮೇಲೆ ಬರುವ ಫಲಿತಾಂಶವನ್ನು ನಂಬಬಾರದು.

'ಪೂರ್ತಿ ಸತ್ತ ಮೇಲೆ ಹಾಕಿಸಿದರಾಯಿತು' ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆ ನೋಡಿ. ಅದು ಒಂದು ಕಾಲಕ್ಕೆ ಸರಿಯಾದ ಮಾತೇ ಆಗಿತ್ತು. ನಮ್ಮ ತಂದೆಯ ಬಳಿ ಯಮಹಾ ಬೈಕ್ ಆರ್‌ಎಕ್ಸ್ 100 ಇತ್ತು. ಅದಕ್ಕೆ ಕಿಡಿಯ ವಿದ್ಯುತ್ ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ತಾನೇ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋದಿಂದ ಬರುತ್ತಿತ್ತು. ಬ್ಯಾಟರಿ ಸತ್ತರೂ ಒಂದು ಕಿಕ್ ಸಾಕು, ಹಾರ್ನ್ ಮತ್ತು ಇಂಡಿಕೇಟರ್ ಇಲ್ಲದೆ ಗೋಣಿಕೊಪ್ಪಕ್ಕೆ ಹೋಗಿ ಬರುತ್ತಿದ್ದರು. ಈಗಿನ ಕಥೆ ಹಾಗಿಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆಯ ಮಾಲಿನ್ಯ ತಗ್ಗಿಸುವ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂತು. ಪಂಪ್ ತಿರುಗುವುದಕ್ಕೂ ವಿದ್ಯುತ್ ಬೇಕು, ಇಂಜೆಕ್ಟರಿಗೂ ಬೇಕು, ಅದನ್ನೆಲ್ಲ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೂ ಬೇಕು. 2017ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಇಷ್ಟರ ಮೇಲೆ ಹಲವು ಬೈಕುಗಳಿಂದ ಕಿಕ್ಕರನ್ನೇ ತೆಗೆದಿದ್ದಾರೆ. ಆನೆ ಎದುರಾದ ಮಾರನೆಯ ದಿನ ನಮ್ಮ ಗೇಟಿನ ಮುಂದಿನ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ನಾಲ್ಕು ಬಾರಿ ತಳ್ಳಿಸಿದೆ. ಬ್ಯಾಟರಿಯಲ್ಲಿ ಪಂಪ್ ತಿರುಗಿಸುವಷ್ಟೂ ಶಕ್ತಿ ಉಳಿದಿರಲಿಲ್ಲ, ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ತಂದೆಯ ಕಾಲದ ಮಾತನ್ನು ನಂಬಿ ಇಂದಿನ ಗಾಡಿ ಓಡಿಸುವುದು ತಪ್ಪು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ಪರೀಕ್ಷೆಯ ವಿಷಯ. ನಾನು ಈ ಬರಹ ಬರೆಯುತ್ತಿರುವುದೇ ಇದಕ್ಕಾಗಿ, ಸ್ವಲ್ಪ ಸಮಾಧಾನವಾಗಿ ಓದಿ.

ಆ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಿಸಿ, ನಾಲ್ಕು ಗಂಟೆ ಹಾಗೆಯೇ ಬಿಟ್ಟು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ 12.5 ವೋಲ್ಟ್ ತೋರಿಸಿತು. ಆ ಅಂಕಿ ನೋಡಿದರೆ ಯಾರೂ ಕೆಟ್ಟಿದೆ ಎನ್ನಲಾರರು. ಪೂರ್ತಿ ಚಾರ್ಜ್ ಆದ ಒಳ್ಳೆಯ ಬ್ಯಾಟರಿ ಸುಮ್ಮನಿರುವಾಗ 12.6ರಿಂದ 12.8 ತೋರಿಸುತ್ತದೆ. ಆದರೆ ಮೆಕ್ಯಾನಿಕ್ ಮೀಟರಿನ ಕಡ್ಡಿಗಳನ್ನು ಟರ್ಮಿನಲ್‌ಗಳಿಗೆ ಒತ್ತಿ ಹಿಡಿದು, "ಈಗ ಸೆಲ್ಫ್ ಒತ್ತಿ ಸರ್, ಅಂಕಿ ನೋಡಿ" ಎಂದರು. 12.5 ಇದ್ದದ್ದು ಒಂದೇ ಏಟಿಗೆ 7.8ಕ್ಕೆ ಬಿತ್ತು. ಒತ್ತಿದಾಗಲೂ ಒಳ್ಳೆಯ ಬ್ಯಾಟರಿ ಹತ್ತರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ನಿಲ್ಲಬೇಕು. ಒಂಬತ್ತೂವರೆಗಿಂತ ಕೆಳಗಿಳಿದರೆ ಬದಲಿಸುವ ಹೊತ್ತು ಬಂದಿದೆ ಎಂದೇ ಅರ್ಥ. ಸುಮ್ಮನಿರುವಾಗಿನ ವೋಲ್ಟೇಜ್ ನೋಡಿ ಬ್ಯಾಟರಿ ಚೆನ್ನಾಗಿದೆ ಎನ್ನುವುದು, ಹೊರೆ ಹೊರಿಸದೆಯೇ ಆಳಿನ ಶಕ್ತಿ ಅಳೆದಂತೆ. ನಿಮ್ಮ ಗಾಡಿಯನ್ನು ಎಲ್ಲಿಗೇ ಒಯ್ಯಿರಿ, ಸೆಲ್ಫ್ ಒತ್ತಿದಾಗಿನ ಅಂಕಿಯನ್ನು ನಿಮ್ಮ ಕಣ್ಣೆದುರಿಗೆ ತೋರಿಸಲು ಹೇಳಿ.

ಪೂರ್ತಿ ಚಾರ್ಜ್ ಮಾಡಿಸಿದ ಮಾರನೆಯ ದಿನವೇ 12ಕ್ಕಿಂತ ಕೆಳಗೆ ಬಂದಿದ್ದರೆ ಮುಂದಿನ ಪರೀಕ್ಷೆಯೂ ಬೇಡ. ಒಳಗಿನ ಆರು ಸೆಲ್‌ಗಳಲ್ಲಿ ಒಂದು ಸತ್ತರೆ ಅಂಕಿ 10.5ರ ಸುತ್ತ ನಿಲ್ಲುತ್ತದೆ, ಅದಕ್ಕೆ ಚಿಕಿತ್ಸೆಯಿಲ್ಲ. ಪೆಟ್ಟಿಗೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಮೀಟರಿಗೂ ಕೆಲಸವಿಲ್ಲ.

ಆದರೆ ಬದಲಿಸುವ ಮೊದಲು ಇನ್ನೊಂದನ್ನು ನೋಡಲೇಬೇಕು. ನಾಪೋಕ್ಲಿನಲ್ಲಿರುವ ನನ್ನ ಭಾವ ಒಂದೂವರೆ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದರು. ತಪ್ಪು ಬ್ಯಾಟರಿಯದ್ದಾಗಿರಲಿಲ್ಲ, ಚಾರ್ಜ್ ಮಾಡುವ ರೆಗ್ಯುಲೇಟರ್ ಕೆಟ್ಟಿತ್ತು. ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಿಡಿದಾಗ ಬ್ಯಾಟರಿಗೆ ಹಚ್ಚಿದ ಮಲ್ಟಿಮೀಟರಿನಲ್ಲಿ 13.8ರಿಂದ 14.5ರ ನಡುವೆ ಬರಬೇಕು. ಹದಿಮೂರನ್ನೂ ದಾಟದಿದ್ದರೆ ಬ್ಯಾಟರಿಗೆ ಊಟ ಸಿಗುತ್ತಿಲ್ಲ. ಹದಿನೈದು ದಾಟಿದರೆ ಅದನ್ನು ಕುದಿಸಿ ಕೊಲ್ಲುತ್ತಿದ್ದೀರಿ. ಎರಡರಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿ ಬಾಳುವುದಿಲ್ಲ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೂ ಇದೇ 'ಟಿಕ್' ಸದ್ದು ಬರಬಹುದು. ಸ್ಕ್ರೂ ಕಾಲು ಸುತ್ತು ಸಡಿಲವಾಗಿದ್ದರೂ ಅಷ್ಟೇ. ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಜೋಡಿಸುವಾಗ ಪಾಸಿಟಿವ್ ಮೊದಲು. ಸಾವಿರಾರು ರೂಪಾಯಿಯ ಕೆಲಸ ಹತ್ತು ರೂಪಾಯಿಯಲ್ಲಿ ಮುಗಿದದ್ದನ್ನು ನಾನು ನೋಡಿದ್ದೇನೆ.

ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವವರಿಗೆ: ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷ. ನನ್ನದು ಬಾಳಿದ್ದು ಎರಡು ವರ್ಷ ಎರಡು ತಿಂಗಳು. ಅದಕ್ಕೆ ಎರಡು ಕಾರಣಗಳಿದ್ದವು. ಒಂದು, ನನ್ನ ಓಡಾಟ. ತೋಟದ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ, ಅಲ್ಲಿಂದ ಕಣಕ್ಕೆ, ಕಣದಿಂದ ಗೇಟಿಗೆ, ಹೀಗೆ ದಿನಕ್ಕೆ ಹದಿನೈದು ಬಾರಿ ಸ್ಟಾರ್ಟ್. ಪ್ರತಿ ಬಾರಿಯೂ ಓಡುವುದು ಐದಾರು ನಿಮಿಷ. ಸೆಲ್ಫ್ ಒತ್ತಿದಾಗ ಹೋದದ್ದು ತುಂಬಿಕೊಳ್ಳುವಷ್ಟರಲ್ಲಿ ಮತ್ತೆ ಆರಿಸುತ್ತೇನೆ. ತೋಟಗಳಲ್ಲಿ ಕೆಲಸ ಮಾಡುವ ನಮ್ಮಂಥವರು, ಮನೆಮನೆಗೆ ಪತ್ರಿಕೆ ಹಾಕುವವರು, ಹಾಲು ಹಾಕುವವರು ಎಲ್ಲರ ಗಾಡಿಯ ಪಾಡೂ ಇದೇ. ವಾರಕ್ಕೊಮ್ಮೆಯಾದರೂ ಮುಕ್ಕಾಲು ಗಂಟೆ ಒಂದೇ ಸಮನೆ ಓಡಿಸಬೇಕು. ಇನ್ನೊಂದು, ಬ್ಯಾಟರಿ ಹಾಕಿಸಿದ ರೀತಿ. ಪೇಟೆಯ ಒಂದು ಅಂಗಡಿಯಲ್ಲಿ ನನ್ನೆದುರಿಗೇ ಆಸಿಡ್ ತುಂಬಿ, ಹದಿನೈದು ನಿಮಿಷದಲ್ಲಿ ಗಾಡಿಗೆ ಕೂರಿಸಿ ಕಳುಹಿಸಿದರು. ಆಸಿಡ್ ತುಂಬಿದ ಮೇಲೆ ಕೆಲಹೊತ್ತು ನೆನೆಯಲು ಬಿಟ್ಟು, ಆಮೇಲೆ ಕಡಿಮೆ ಕರೆಂಟಿನಲ್ಲಿ ಗಂಟೆಗಟ್ಟಲೆ ಮೊದಲ ಚಾರ್ಜ್ ಕೊಡಬೇಕು. 5 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಗೆ ಅರ್ಧ ಆಂಪಿಯರ್ ಎಂಬುದು ಲೆಕ್ಕ. ಅದನ್ನು ತಪ್ಪಿಸಿದರೆ ಬ್ಯಾಟರಿ ಹುಟ್ಟಿನಿಂದಲೇ ಅರ್ಧ ಬಲದ್ದು. ಈ ಬಾರಿ ಹೊಸದನ್ನು ಅಂಗಡಿಯಲ್ಲೇ ಒಂದು ದಿನ ಚಾರ್ಜಿಗೆ ಬಿಟ್ಟು, ಆಮೇಲೆ ತಂದುಕೊಂಡೆ. 1,400 ರೂಪಾಯಿ ಕೊಟ್ಟು, ತಯಾರಾದ ತಿಂಗಳು ನೋಡಿ, ಗ್ಯಾರಂಟಿ ಕಾರ್ಡಿಗೆ ತಾರೀಖು ಬರೆಸಿ ಮೊಹರು ಹಾಕಿಸಿಕೊಂಡೆ.

ಮಳೆ ಹಿಡಿಯುವ ಮೊದಲು, ಅಂದರೆ ಮೇ ತಿಂಗಳಲ್ಲೇ ನೋಡಿ ಎಂದು ಹೇಳುವುದಕ್ಕೆ ಕಾರಣ ನಮ್ಮ ಮಳೆ. ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಗಾಡಿ ದಿನಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ. ಬ್ಯಾಟರಿ ಖಾಲಿಯಾದಂತೆ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಆದರೆ ಅದು ಬಿಟ್ಟುಹೋಗುತ್ತದೆ, ಅರೆಬರೆ ಖಾಲಿಯಾಗಿಯೇ ವಾರಗಟ್ಟಲೆ ನಿಂತರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಬಿಡುವುದಿಲ್ಲ. ಚಾರ್ಜರ್ ಹಾಕೋಣವೆಂದರೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಒಳತೋಟಗಳಲ್ಲಿ ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಇರುವುದು ಅದೊಂದೇ ಬೈಕು. ಬೆಂಗಳೂರಿನಲ್ಲಿ ಬ್ಯಾಟರಿ ಕೈಕೊಟ್ಟರೆ ಆಟೋ ಸಿಗುತ್ತದೆ, ನಮ್ಮಲ್ಲಿ ಸಿಗುವುದಿಲ್ಲ. ಇನ್ನೂ ನಾಲ್ಕು ತಿಂಗಳು ಬರಬಹುದಾದ ಬ್ಯಾಟರಿಯನ್ನು ಮೊದಲೇ ಬದಲಿಸಿ ಮುನ್ನೂರು ರೂಪಾಯಿ ನಷ್ಟವಾದರೂ ನನಗೆ ಬೇಸರವಿಲ್ಲ. ಮಳೆ ಕಳೆದು ಆಯುಧ ಪೂಜೆಗೆ ಗಾಡಿ ತೊಳೆದು ಹೂವು ಏರಿಸುವಾಗ ಮತ್ತೊಮ್ಮೆ ಸೀಟು ಬಿಚ್ಚಿ ಮೀಟರ್ ಹಿಡಿಯಿರಿ.

ಹಳೆಯ ಬ್ಯಾಟರಿಯನ್ನು ತೋಡಿಗೋ ತೋಟದ ಮೂಲೆಗೋ ಎಸೆಯಬೇಡಿ. ಅದರಲ್ಲಿರುವುದು ಸೀಸ ಮತ್ತು ಗಂಧಕಾಮ್ಲ, ಹರಿದು ಸೇರುವುದು ಕಾವೇರಿಗೆ. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯವನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದ್ದು.

ನನ್ನ ಗಾಡಿಯನ್ನು ನಿನ್ನೆ ಬೆಳಿಗ್ಗೆ ಆರು ಗಂಟೆಗೆ, ತಣ್ಣಗಿರುವಾಗಲೇ ನೋಡಿದೆ. ಸುಮ್ಮನಿರುವಾಗ 12.7, ಸೆಲ್ಫ್ ಒತ್ತಿದಾಗ 10.6, ಓಡುವಾಗ 14.1. ಮೇಸ್ತ್ರಿಯ ಮಗನ ಗಾಡಿ ಒತ್ತಿದಾಗ 8.9ಕ್ಕೆ ಇಳಿಯಿತು, ಈ ವಾರದ ಸಂಬಳದಲ್ಲಿ ಹೊಸದು ಹಾಕಿಸುತ್ತಾನೆ. ಮೀಟರ್ ನನ್ನ ಬಳಿಯೇ ಇದೆ. ಸುತ್ತಮುತ್ತಲ ತೋಟದವರು ಭಾನುವಾರ ಬೆಳಿಗ್ಗೆ ಎಂಟರೊಳಗೆ ನಮ್ಮ ಗೇಟಿನ ಹತ್ತಿರ ಗಾಡಿ ತಂದರೆ ನೋಡಿಕೊಡುತ್ತೇನೆ.