ಸ್ಪಷ್ಟನೆ: ಸಿಡ್ ಮೀಡ್ ಕರಡಿಲ್ಲದೆ ಬಣ್ಣಕ್ಕಿಳಿಯುತ್ತಿರಲಿಲ್ಲ
ಕಾನ್ಸೆಪ್ಟ್ ಆರ್ಟ್ (ಸಿನಿಮಾ, ಗೇಮ್‌ಗಳ ಲೋಕವನ್ನು ಮೊದಲೇ ಕಲ್ಪಿಸಿ ಚಿತ್ರಿಸುವ ಕಲೆ) ಕಲಿಯುವವರ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಬರೆದ ಟಿಪ್ಪಣಿಯಲ್ಲಿ, 1982ರ ‘ಬ್ಲೇಡ್ ರನ್ನರ್’ ಸಿನಿಮಾಕ್ಕೆ ಭವಿಷ್ಯದ ನಗರವನ್ನು ಕಲ್ಪಿಸಿದ ಸಿಡ್ ಮೀಡ್ ಯಾವ ಕರಡೂ ಇಲ್ಲದೆ ನೇರವಾಗಿ ಬಣ್ಣ ಹಚ್ಚುತ್ತಿದ್ದರು ಎಂದಿತ್ತು. ಅದು ತಪ್ಪು. ಅದೇ ಸಾಲು ಈಗ ‘ಥಂಬ್‌ನೇಲ್ ಸ್ಕೆಚ್ (ಮೊದಲು ಗೀಚಿಕೊಳ್ಳುವ ಪುಟ್ಟ ಕರಡುಚಿತ್ರ) ಸಮಯ ವ್ಯರ್ಥ’ ಎಂಬ ಮಾತನ್ನೂ ಸೇರಿಸಿಕೊಂಡು ಹರಿದಾಡುತ್ತಿರುವುದರಿಂದ ಇದನ್ನು ಬರೆಯಬೇಕಾಗಿದೆ.

ಮೀಡ್ ತಮ್ಮ ಕೆಲಸದ ಕ್ರಮವನ್ನು ಬೋಧನಾ ವಿಡಿಯೊಗಳಲ್ಲಿ ತಾವೇ ತೋರಿಸಿದ್ದಾರೆ: ಮೊದಲು ಪುಟ್ಟ ಥಂಬ್‌ನೇಲ್‌ಗಳು ಮತ್ತು ರೇಖಾಚಿತ್ರ, ಆಮೇಲೆ ಬೆಳಕು–ನೆರಳಿನ ಹಂಚಿಕೆಯನ್ನಷ್ಟೇ ನಿರ್ಧರಿಸುವ ಕರಡು, ಬಳಿಕ ಬಣ್ಣಗಳ ಸಣ್ಣ ಪ್ರಯೋಗ, ಕೊನೆಗೆ ಗ್ವಾಷ್ ಎಂಬ ಅಪಾರದರ್ಶಕ ಜಲವರ್ಣದಲ್ಲಿ ಅಂತಿಮ ಚಿತ್ರ. ಆ ಚಿತ್ರಗಳಲ್ಲಿ ಕುಂಚ ಎಲ್ಲಿಯೂ ತಡವರಿಸಿದಂತೆ ಕಾಣದಿರುವುದಕ್ಕೆ, ಮುಖ್ಯ ತೀರ್ಮಾನಗಳೆಲ್ಲ ಅದಕ್ಕೂ ಮೊದಲೇ ಆಗಿರುತ್ತಿದ್ದುದೇ ಕಾರಣ. ಆ ಸರಾಗತೆಯನ್ನು ನೋಡಿ ನಾನು ಕರಡೇ ಇರಲಿಲ್ಲವೆಂದು ಭಾವಿಸಿದೆ.

ಟಿಪ್ಪಣಿಯಲ್ಲಿ ಬಿಟ್ಟುಹೋಗಿದ್ದ ಇನ್ನೊಂದು ಸಂಗತಿ, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು: ‘ಬ್ಲೇಡ್ ರನ್ನರ್’ಗೆ ಅವರನ್ನು ಮೊದಲು ಕರೆಸಿದ್ದು ವಾಹನಗಳ ವಿನ್ಯಾಸಕ್ಕೆ. ಅವರಾದರೋ ವಾಹನವನ್ನು ಖಾಲಿ ಹಾಳೆಯ ಮೇಲೆ ನಿಲ್ಲಿಸದೆ, ಅದು ಓಡಾಡುವ ಬೀದಿ, ಹಳೆಯ ಕಟ್ಟಡಗಳ ಮೈಗೆ ಆಮೇಲೆ ಸೇರಿಸಿದ ಕೊಳವೆ–ತಂತಿಗಳ ಸಮೇತ ಚಿತ್ರಿಸಿದರು. ಅದನ್ನು ಕಂಡ ನಿರ್ದೇಶಕ ರಿಡ್ಲಿ ಸ್ಕಾಟ್ ಬೀದಿಗಳ ಕಲ್ಪನೆಯನ್ನೂ ಅವರಿಗೆ ವಹಿಸಿದರು.

ದಯವಿಟ್ಟು ಹಳೆಯ ಟಿಪ್ಪಣಿಯನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅವರಿಗೆ ಈ ತಿದ್ದುಪಡಿಯನ್ನೂ ತಲುಪಿಸಿ.