ಸಣ್ಣಕಥೆ ಬರೆದರೆ ಸಣ್ಣ ಲೇಖಕನಾ?

ಅಮೆರಿಕದ ಪತ್ತೇದಾರಿ ಕಥೆಗಾರ ಎಡ್ವರ್ಡ್ ಡಿ. ಹೋಕ್ ಅವರು ಕಾದಂಬರಿ ಕೈಹತ್ತದೆ ಸಣ್ಣಕಥೆಗೆ ಅಂಟಿಕೊಂಡರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ ಸರ್, ಅದನ್ನು ಮಾತ್ರ ಒಪ್ಪಲಾರೆ. 1973ರ ಮೇ ತಿಂಗಳಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಎಲರಿ ಕ್ವೀನ್ಸ್ ಮಿಸ್ಟರಿ ಮ್ಯಾಗಜಿನ್ ಅನ್ನುವ ಅಮೆರಿಕದ ಪತ್ತೇದಾರಿ ಕಥೆಗಳ ಪತ್ರಿಕೆಯ ಒಂದು ಸಂಚಿಕೆಯೂ ಅವರ ಕಥೆ ಇಲ್ಲದೆ ಬರಲಿಲ್ಲ, ಎಲ್ಲ ಕಡೆ ಬಂದದ್ದು ಸೇರಿ ಒಟ್ಟು 900ಕ್ಕೂ ಜಾಸ್ತಿ ಕಥೆ, ಇದೇನು ಕೈಲಾಗದವರು ಮಾಡುವ ಕೆಲಸಾನಾ? ಕಾದಂಬರಿಯನ್ನೂ ಬರೆದು ನೋಡಿದ್ದಾರೆ. ಮನಸ್ಸಿದ್ದದ್ದು ಸಣ್ಣಕಥೆಯಲ್ಲಿ.

ಅವರ ನಿಕ್ ವೆಲ್ವೆಟ್‌ನನ್ನೇ ನೋಡಿ, ಬೆಲೆಯಿಲ್ಲದ ವಸ್ತುಗಳನ್ನಷ್ಟೇ ಕದಿಯುವ ಕಳ್ಳ, ಈಜುಕೊಳದ ನೀರನ್ನೂ ಬಿಟ್ಟವನಲ್ಲ. ಹೇಗೆ ಕದ್ದ ಅನ್ನುವುದು ಒಂದು ಒಗಟು, ದುಡ್ಡು ಕೊಟ್ಟು ಕದಿಸಿದವರಿಗೆ ಅದು ಯಾಕೆ ಬೇಕಿತ್ತು ಅನ್ನುವುದು ಇನ್ನೊಂದು. ಇದನ್ನು ಮುನ್ನೂರು ಪುಟಕ್ಕೆ ಎಳೆದರೆ ನೀರು ಮಜ್ಜಿಗೆ ಆಗುತ್ತದೆ ಅಷ್ಟೇ. ನಾನು ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗುತ್ತಾ ಓದುವವನು, ನವನಗರ ಬರುವಷ್ಟರಲ್ಲಿ ಸುಳಿವೆಲ್ಲ ಕಣ್ಣೆದುರು ಇರಬೇಕು, ಇಳಿಯುವಷ್ಟರಲ್ಲಿ ಕಳ್ಳ ಸಿಗಬೇಕು (ನಿಂತುಕೊಂಡು ಓದುವವರ ಕಷ್ಟ ನಿಮಗೇನು ಗೊತ್ತು!).

ಪಾತ್ರಗಳು ತೆಳು ಅಂದಿರಿ, ಅದು ಹೌದು. ಆದರೆ ಅಲ್ಲಿನ ಪತ್ತೇದಾರಿ ಲೇಖಕರ ಸಂಘ ಮಿಸ್ಟರಿ ರೈಟರ್ಸ್ ಆಫ್ ಅಮೆರಿಕ 2001ರಲ್ಲಿ ಹೋಕ್ ಅವರನ್ನು ಗ್ರ್ಯಾಂಡ್ ಮಾಸ್ಟರ್ (ಅದರ ಅತಿ ದೊಡ್ಡ ಗೌರವ) ಮಾಡಿದ್ದು ಮುಖ್ಯವಾಗಿ ಈ ಸಣ್ಣಕಥೆಗಳಿಗೇ ಅಲ್ವಾ, ಅದನ್ನಾದರೂ ಒಂದು ಸಾಲು ಹಾಕಬಹುದಿತ್ತು.